ನೈಜೀರಿಯಾದ ಸಂಬಂಧ

"ಮಾಸ್ತರಿಗೆ ಕುಡಿಯೋ ಚಟಾ ಏನರೆ ಅದ ಏನಪಾ?"

ಚಹಾ ಸೋಸುತ್ತಿದ್ದ ತಿರಕಪ್ಪ ಕೈ ನಿಲ್ಲಿಸಿ, ಕೇಳಿದವರನ್ನು ಮೇಲಿನಿಂದ ಕೆಳಗೆ ನೋಡಿದ. ಮಧ್ಯಾಹ್ನದ ಅಣ್ಣಿಗೇರಿ ಬಸ್ಸಿನಿಂದ ಇಳಿದು ನೆಟ್ಟಗೆ ಅವನ ಹೋಟೆಲಿನ ಬಾಕಿನ ಮೇಲೆ ಬಂದು ಕುಳಿತವರು. ತಲೆಯ ಮೇಲೆ ಕರಿ ಟೊಪ್ಪಿಗೆ, ಕಂಕುಳಲ್ಲಿ ಛತ್ರಿ, ಧೋತರದ ಅಂಚಿಗೆ ಎರೆಮಣ್ಣಿನ ಧೂಳು. ಬಿಸಿಲಿನಲ್ಲೂ ಬಿಚ್ಚದೆ, ಮಳೆಯಲ್ಲೂ ಬಿಚ್ಚದೆ ಛತ್ರಿಯನ್ನು ಬರೀ ಕಂಕುಳಲ್ಲಿಟ್ಟುಕೊಂಡು ತಿರುಗುವವರು ನಮ್ಮ ಸೀಮೆಯಲ್ಲಿ ಒಂದೇ ಜಾತಿಯವರು, ಹೆಣ್ಣು-ಗಂಡು ಜೋಡಿಸುವವರು.

"ಯಾ ಮಾಸ್ತರ್ರೀ?"

"ಶಂಭುಲಿಂಗಪ್ಪ ಮಾಸ್ತರು. ಹೈಸ್ಕೂಲಿನ್ಯಾಗ ಇಂಗ್ಲಿಷ್ ಕಲಸತಾರಲ್ಲ, ಅವರು."

"ಏ, ಛೇ ಛೇ! ಅಗದಿ ಬಂಗಾರದಂಥ ಮನಷ್ಯಾರ್ರೀ. ಚಹಾ ಬಿಟ್ರ ಮತ್ತೇನೂ ಮುಟ್ಟಂಗಿಲ್ಲ. ಅದೂ ಸಕ್ರಿ ಕಮ್ಮಿ."

"ಇಸ್ಪೀಟು?"

"ರಾಜಾ ಯಾವ, ರಾಣಿ ಯಾರು, ಗುರ್ತ ಇಲ್ರಿ ಅವರಿಗೆ."

"ಸಿಟ್ಟು?"

"ಎಮ್ಮಿ ಕಾಲು ತುಳದರ ಎಮ್ಮಿಗೇ ತಪ್ಪಾತು ಅಂತಾರ."

"ಪ್ರಕೃತಿ ಹ್ಯಾಂಗ? ದಮ್ಮು, ಮೂರ್ಛಿ, ಅಂಥಾದ್ದೇನಿಲ್ಲಲ್ಲ?"

"ಕಲ್ಲ ತಿಂದ ಕರಗಸ್ತಾರ್ರಿ."

ಇಲ್ಲಿ ನಮ್ಮ ಕಡೆಯ ಒಂದು ರಿವಾಜು ಹೇಳಬೇಕು. ಪರಊರಿನವನೊಬ್ಬ ಬಂದು ನಮ್ಮೂರಿನವನೊಬ್ಬನ ಚಟ, ಸಿಟ್ಟು, ಆರೋಗ್ಯ ಮೂರನ್ನೂ ಒಂದೇ ಉಸಿರಿಗೆ ಕೇಳಿದನೆಂದರೆ ಸಂಬಂಧ ಬೆಳೆಸುವವರ ಕಡೆಯಿಂದ ಬಂದಿದ್ದಾನೆಂದೇ ಅರ್ಥ. ಯಾರ ಕಡೆಯವರು, ಎಲ್ಲಿಯ ಕನ್ಯೆ ಎಂದು ತಿರುಗಿ ಕೇಳುವುದು ಹಗುರ ಮಂದಿಯ ಲಕ್ಷಣ. ಕೇಳಿದ್ದಕ್ಕೆಲ್ಲ ಹೊಗಳಿ, ಚಹಾ ಕುಡಿಸಿ ಕಳಿಸುವುದು ಧರ್ಮ. ಒಂದು ಮದುವೆ ಮುರಿದ ಪಾಪ ಏಳು ಬಾವಿ ತೋಡಿಸಿದರೂ ಹೋಗುವುದಿಲ್ಲವಂತೆ. ಈ ಧರ್ಮದ ದೆಸೆಯಿಂದ ನಮ್ಮೂರಿನ ಎಷ್ಟೋ ಹುಂಬರಿಗೆ ಲಕ್ಷಣವಾದ ಹೆಂಡಂದಿರು ಸಿಕ್ಕಿದ್ದಾರೆ. ಆ ಪಾಪ ಎಲ್ಲಿ ಹೋಯಿತೆಂದು ಯಾರೂ ಕೇಳಿಲ್ಲ.

ತಿರಕಪ್ಪ ರೂಢಿಯ ಮೇಲೆ ಹೊಗಳಿದ್ದ. ಹೊಗಳಿ ಮುಗಿಸಿ ಸಕ್ಕರೆ ಡಬ್ಬಿಗೆ ಚಮಚ ಹಾಕಿದಾಗ ನೆನಪಾಯಿತು: ಮಾಸ್ತರಿಗೆ ಹೆಂಡತಿ ಇದ್ದಾಳೆ. ಶಿವಗಂಗವ್ವ. ಅವರ ಮಗಳನ್ನು ಅಳ್ನಾವರಕ್ಕೆ ಕೊಟ್ಟಾಗ ಊಟಕ್ಕೆ ಎಲೆ ಹಾಕಿದವನೇ ಈ ತಿರಕಪ್ಪ.

"ರಾಯರ, ಮಾಸ್ತರಿಗೆ ಮನ್ಯಾಗ ಹೆಂಡತಿ ಅದಾರ್ರಿ," ಎಂದ ಮೆಲ್ಲಗೆ.

"ಗೊತ್ತದನೋ. ನಮ್ಮವರದೇನೂ ತಕರಾರಿಲ್ಲ. ಆಕಿನ್ನ ಇಲ್ಲೇ ಬಿಟ್ಟು ಬರತೀನಿ ಅಂದಾರ ಮಾಸ್ತರು."

"ಅಕ್ಕಾರಿಗೆ ಗೊತ್ತೈತೇನ್ರಿ?"

"ಎಲ್ಲಾ ಪಕ್ಕಾ ಆದಮ್ಯಾಲೆ ಹೇಳತಾರಂತ. ನೀನೂ ಬಾಯಿ ಬಿಡಬ್ಯಾಡ."

"ಕಾಯಂ ಬಿಡೋದೇನ್ರಿ?"

"ಸದ್ಯ ಎರಡು ವರ್ಷದ ಮಾತು. ಇಬ್ಬರಿಗೂ ಸೇರಿತಂದ್ರ ಮುಂದುವರಸೋದು. ಮನಿ, ಮಂಚ, ಅಡಗಿಯಾಕಿ, ಎಲ್ಲಾ ಅವರ ಕಡಿಂದನ. ಫೋಟೋ ನೋಡಿ ಭಾಳ ಖುಷಿ ಆಗ್ಯಾರ."

ಸಕ್ಕರೆ ಕಪ್ಪಿನ ಬದಲು ಒಲೆಗೆ ಬಿತ್ತು. ಅದೇ ಹೊತ್ತಿಗೆ ಹೋಟೆಲಿಗೆ ಎಮ್ಮೆಯ ಹಾಲು ಹಾಕಲು ಬಂದಿದ್ದ ಮಲಿಕಾಬಿ ಕಂಬದ ಮರೆಯಲ್ಲಿ ನಿಂತಿದ್ದಳು. ಅವಳು ಮಾಸ್ತರ ಬಾಜೂ ಮನೆಯವಳು. ಅಳತೆಯ ಪಾವು ಅಲ್ಲೇ ಬಿಟ್ಟು ಓಡಿದಳು.

ಸಂಗತಿ ಏನಿತ್ತು ಎನ್ನುವುದನ್ನು ನಿಮಗಾದರೂ ಹೇಳಿಬಿಡುತ್ತೇನೆ. ನಮ್ಮೂರಿಗೆ ಆಗ ಹೇಳುವವರಿರಲಿಲ್ಲ.

ಶಂಭುಲಿಂಗಪ್ಪ ಮಾಸ್ತರರಿಗೆ ಊರಿನಲ್ಲಿ ಇದ್ದ ಗೌರವ ಸಣ್ಣದಲ್ಲ. ತಾರು ಬಂದರೆ ಮೊದಲು ಅವರ ಮನೆಗೆ ಹೋಗಬೇಕು. ಅವರು ಕನ್ನಡಕ ಹಾಕಿ, ಓದಿ, ಅರ್ಥ ಹೇಳುವವರೆಗೆ ಊರಿನಲ್ಲಿ ಯಾರೂ ಅಳುವಂತಿರಲಿಲ್ಲ, ನಗುವಂತಿರಲಿಲ್ಲ. ಇಂಗ್ಲಿಷಿನ ಒಂದು ವಾಕ್ಯ ಕೈಗೆ ಸಿಕ್ಕರೆ ಸಾಕು, ಶೇಂಗಾ ಸುಲಿದಂತೆ ಕರ್ತೃಪದ ಒಂದು ಕಡೆ, ಕರ್ಮಪದ ಒಂದು ಕಡೆ ಮಾಡಿ ಇಡುತ್ತಿದ್ದರು. ಆದರೆ ಅದನ್ನು ಮಾತಾಡುವುದು? ಯಾರ ಕೂಡ ಮಾತಾಡಬೇಕು? ನಮ್ಮ ಎತ್ತುಗಳು ಕನ್ನಡಕ್ಕೇ ಕಷ್ಟಪಟ್ಟು ತಿರುಗುತ್ತವೆ. ಹೀಗಾಗಿ ಇಪ್ಪತ್ತು ವರ್ಷದ ನೌಕರಿಯಲ್ಲಿ ಮಾಸ್ತರರು ಇಂಗ್ಲಿಷನ್ನು ಅಗದಿ ಅಚ್ಚುಕಟ್ಟಾಗಿ ಕನ್ನಡದಲ್ಲಿ ಕಲಿಸಿದ್ದರು.

ಅವರಷ್ಟಕ್ಕೆ ಅವರಿದ್ದರೆ ಚೆನ್ನಾಗಿಯೇ ಇತ್ತು. ಆ ವರ್ಷ, ಎಂದರೆ ಎಪ್ಪತ್ತೇಳನೆಯ ಇಸವಿಯಲ್ಲಿ, ಪೇಪರು ತಿದ್ದಲು ಧಾರವಾಡಕ್ಕೆ ಹೋದಾಗ ಹಳೆಯ ಸಹಪಾಠಿಯೊಬ್ಬ ಸಿಕ್ಕ. ನೈಜೀರಿಯಾಕ್ಕೆ ಮಾಸ್ತರಿಕೆಗೆ ಹೋಗಿ ಬಂದಿದ್ದ. ಕಣ್ಣಿಗೆ ಕರಿ ಕನ್ನಡಕ, ಕೈಯಲ್ಲಿ ಹಾಡುವ ಪೆಟ್ಟಿಗೆ. ಎಲ್ಲರ ಎದುರಿಗೆ ಮಾಸ್ತರರ ಬೆನ್ನು ತಟ್ಟಿ, "ಏನೋ ಶಂಭು, ಇನ್ನೂ ಅಲ್ಲೇ ಇದ್ದೀಯೇನೋ?" ಎಂದ. 'ಅಲ್ಲೇ' ಎಂದರೆ ನಮ್ಮೂರು. ಮಾಸ್ತರರಿಗೆ ಅಂದಿನಿಂದ ರೊಟ್ಟಿ ರುಚಿಸಲಿಲ್ಲ.

ಹುಬ್ಬಳ್ಳಿಯಲ್ಲಿ ಮಹಡಿಯ ಮೇಲೊಂದು ಕಚೇರಿ. ಅವರು ಪರದೇಶದ ಶಾಲೆಗಳಿಗೆ ಇಲ್ಲಿಂದ ಇಂಗ್ಲಿಷ್ ಮಾಸ್ತರರನ್ನು ಆರಿಸಿ ಕಳಿಸುತ್ತಿದ್ದರು. ಮಾಸ್ತರರು ತಪ್ಪಿಲ್ಲದ ಅರ್ಜಿ ಬರೆದರು. ಅಲ್ಲಿಯ ಕಾರಕೂನ ಬೆಳಗಾವಿ ಕಡೆಯವನು, ಮಾತುಕತೆಯೆಲ್ಲ ಕನ್ನಡದಲ್ಲೇ ಮುಗಿಯಿತು. ಕೋಟು ಬಾಡಿಗೆಗೆ ಹಾಕಿಕೊಂಡು ಫೋಟೋ ತೆಗೆಸಿಕೊಟ್ಟರು. ಅದಕ್ಕಿಂತ ಮೊದಲು ಆ ಕಚೇರಿಯವರು ಕಳಿಸಿದ ಒಬ್ಬಾತ ಅಲ್ಲಿ ಹಗಲೇ ಕುಡಿದು ಶಾಲೆಯ ಗಂಟೆ ಕದ್ದು ಮಾರಿದ್ದನಂತೆ. ಅದಕ್ಕೇ ಈಗ ಮನುಷ್ಯನ ಊರಿಗೇ ಹೋಗಿ, ಗುಟ್ಟಾಗಿ, ಗುಣ ವಿಚಾರಿಸುವ ಕ್ರಮ ಹಾಕಿದ್ದರು. ಛತ್ರಿ ರಾಯರು ಬಂದದ್ದು ಅದಕ್ಕೆ.

ಮಾಸ್ತರರು ಹೆಂಡತಿಗೇಕೆ ಹೇಳಲಿಲ್ಲ? ಹೇಳಿದರೆ ಮಲಿಕಾಬಿಗೆ ತಿಳಿಯುತ್ತದೆ. ಮಲಿಕಾಬಿಗೆ ತಿಳಿದರೆ ಶಾಲೆಯ ಚೇರಮನ್ ಕುಬೇರಪ್ಪ ಕಾಕಾಗೆ ತಿಳಿಯುತ್ತದೆ. ಹೋಗುವುದು ತಪ್ಪಿತೋ, ಊರೆಲ್ಲ ನಗುತ್ತದೆ. ಹೀಗೆ ಅವರು ತಮಗೆ ತಾವೇ ಹೇಳಿಕೊಂಡ ಕಾರಣ. ಇದು ಪೂರಾ ಕಾರಣವೇ ಎನ್ನುವುದನ್ನು ಮುಂದೆ ಬೇರೆಯವರು ಕೇಳುವವರಿದ್ದಾರೆ, ನಾನೇಕೆ ಕೇಳಲಿ.

ಮಲಿಕಾಬಿ ಹೋದಾಗ ಶಿವಗಂಗವ್ವ ರೊಟ್ಟಿ ಬಡಿಯುತ್ತಿದ್ದಳು.

"ಗಂಗಕ್ಕಾ, ಕೈ ತೊಳಕೋ. ನಿನ್ನ ಗಂಡಗ ಹೆಣ್ಣ ಗೊತ್ತಾಗೇತಿ!"

"ನಾ ಇದ್ದೀನೆಲ್ಲ ಬೇ, ಮತ್ತೆಂಥಾ ಹೆಣ್ಣು?"

"ಯಾ ಅಲ್ಲಾ, ನಗಬ್ಯಾಡ. ತಿರಕಪ್ಪನ ಹೋಟೆಲ್ದಾಗ ಛತ್ರಿಯಂವ ಬಂದು ಕುಂತಾನ. ಮನಿ ಕೊಡತಾರಂತ, ಮಂಚ ಕೊಡತಾರಂತ, ಅಡಗಿಯಾಕಿನ್ನೂ ಇಡತಾರಂತ! ನಿನ್ನ ಇಲ್ಲೇ ಬಿಡೋದಂತ! ಸೇರಿದ್ರ ಎರಡು ವರ್ಷದ ಮ್ಯಾಲೆ ಕಾಯಂ!"

ಶಿವಗಂಗವ್ವ ಅಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಓಣಿಯ ಆಚೆಗೂ ಕೇಳಿಸಿತು. ಹಂಚಿನಷ್ಟಿದ್ದ ರೊಟ್ಟಿ ಮೊರದಷ್ಟಾಗಿ, ಕೊನೆಗೆ ಹರಿದೇ ಹೋಯಿತು.

"ಮೀಸಿಗೆ ಬಣ್ಣ ಹಚ್ಚಿದ್ದು ಅದಕ್ಕೇನು!" ಎಂದಳು.

"ಮತ್ತ? ಮುಂಜಾನೆ ಕನ್ನಡಿ ಮುಂದ ನಿಂತು ಏನೇನೋ ಮಾತಾಡತಿದ್ರು, ಗ್ವಾಡಿ ಆಚೆ ನನಗ ಕೇಳಸ್ತಿತ್ತು. 'ಗುಡ್ ಮಾರ್ನಿಂಗ್ ಮ್ಯಾಡಮ್, ಗುಡ್ ಮಾರ್ನಿಂಗ್ ಮ್ಯಾಡಮ್' ಅಂತ. ನಿನಗ ಅನ್ನಾಕತ್ತಾರಂತ ತಿಳಕೊಂಡಿದ್ನಿ."

"ನನಗ 'ಏ ಇಕಿನ' ಅನ್ನೋದ ಬಿಟ್ಟು ಮತ್ತೇನೂ ಅಂದಿಲ್ಲ."

"ಧೋತರ ಬಿಟ್ಟು ಪ್ಯಾಂಟ್ ಹೊಲಸಿದ್ರಲ್ಲ!"

"ಸಾಹೇಬ್ರು ಬರತಾರಂತ ಅಂದಿದ್ರು."

"ಹಾಂ, ಬಂದಾನ ನೋಡ ಸಾಹೇಬ, ಬಾಕಿನ ಮ್ಯಾಲೆ ಭಜಿ ತಿನಕೋತ ಕುಂತಾನ."

ಸಂಬಂಧ ಜೋಡಿಸುವುದು ಧರ್ಮವಾದರೆ, ಇದ್ದ ಸಂಸಾರ ಉಳಿಸುವುದು ಅದಕ್ಕಿಂತ ದೊಡ್ಡ ಧರ್ಮ. ಆ ಧರ್ಮಕ್ಕೆ ಮಲಿಕಾಬಿ ತಾನೇ ಮುಂದಾದಳು. ಛತ್ರಿ ರಾಯರು ಭಜಿ ಮುಗಿಸಿ ಊರೊಳಗೆ ಕಾಲಿಡುವಷ್ಟರಲ್ಲಿ ಎಲ್ಲ ಕಟ್ಟೆಗಳಿಗೂ ಸುದ್ದಿ ಮುಟ್ಟಿತ್ತು. ಪಾಪ, ಅವರಿಗೇನು ಗೊತ್ತು. ಮೊದಲು ಚೇರಮನ್‌ರ ಮನೆಗೇ ಹೋದರು.

ಕುಬೇರಪ್ಪ ಕಾಕಾ ಗಾದಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು. ರಾಯರು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು.

"ಶಂಭುಲಿಂಗಪ್ಪ ಮಾಸ್ತರ ವಿಚಾರೇನ್ರಿ? ಮನಷ್ಯಾ ಚಲೋ ಅದಾನ. ಅಮಾಸಿ, ಹುಣ್ಣಿವಿ ಎರಡು ದಿನಾ ಬಿಟ್ಟು."

"ಅಂದ್ರ?"

"ಆವತ್ತ ಹಗ್ಗಾ ತಯಾರ ಇಟ್ಟಿರತೀವಿ."

ರಾಯರ ಕೈಯಲ್ಲಿದ್ದ ಎಲೆ ಬಾಯಿಗೆ ಹೋಗಲಿಲ್ಲ. "ತಿರಕಪ್ಪ ಬ್ಯಾರೆನ ಹೇಳಿದ್ನಲ್ಲರೀ. ಎಮ್ಮಿಗೆ ಸುದ್ದಾ ಸಿಟ್ಟ ಮಾಡಂಗಿಲ್ಲಂತ."

"ಎಮ್ಮಿಗಿಲ್ಲ. ಮಂದಿಗೆ ಐತಿ."

"ಕುಡಿಯೋದು?"

"ಸಿಕ್ಕರ ಬಿಡಂಗಿಲ್ಲ. ಸಿಗಲಿಲ್ಲಂದ್ರ ಸಾಲಿ ಶಾಯಿ ದೌತಿ ಎಣಿಸಿಡಬೇಕಾಗತೈತಿ."

ಆ ಮಾತಿಗೆ ಕಾಕಾ ತಾವೇ ಸ್ವಲ್ಪ ಹೊತ್ತು ತಲೆದೂಗಿದರು. ಅಷ್ಟು ದೂರ ಹೋಗುತ್ತೇನೆಂದು ಅವರಿಗೂ ಅನಿಸಿರಲಿಲ್ಲ.

ಅಲ್ಲಿಂದ ಹೊರಬಿದ್ದ ರಾಯರನ್ನು ಓಣಿಯ ತಿರುವಿನಲ್ಲಿ ಮಲಿಕಾಬಿ ತಡೆದಳು. "ಮಾಸ್ತರ ಬಾಜೂ ಮನಿಯಾಕಿ ನಾನು. ನನಗ ಕೇಳ್ರಿ, ಖರೇ ಹೇಳತೀನಿ."

"ಒಂದ ಮಾತು ಹೇಳವ್ವಾ. ಹೆಣ್ಣುಮಕ್ಕಳ ವಿಷಯದಾಗ ನಡತಿ ಹ್ಯಾಂಗ? ಅದ ಮುಖ್ಯ ನಮಗ."

"ಯಾಕ್ರಿ, ಎಷ್ಟ ಮಂದಿ ಅದಾರ್ರಿ ಅಲ್ಲಿ?"

"ಮುನ್ನೂರು ಮಂದಿ. ಎಲ್ಲಾ ಹೆಣ್ಣುಮಕ್ಕಳ. ಎಲ್ಲಾರನ್ನೂ ಇವರ ಕೈಯಾಗ ಕೊಡಬೇಕಂತ ಮಾಡೇವಿ."

ಅದು ಹೆಣ್ಣುಮಕ್ಕಳ ಶಾಲೆಯೆಂದು ರಾಯರು ಹೇಳುವಷ್ಟರಲ್ಲಿ ಮಲಿಕಾಬಿ ಬೆನ್ನು ತಿರುಗಿಸಿದ್ದಳು. ರಾಯರ ಮುಖ ನೋಡದೆ, "ಶಿವಗಂಗಕ್ಕಾ, ಒಬ್ಬಾಕಿ ಅಲ್ಲ ಬೇ, ಮುನ್ನೂರು ಮಂದಿ!" ಎಂದು ಕೂಗುತ್ತಾ ಓಡಿದಳು.

ಸಂಜೆ ಶಾಲೆ ಬಿಡುವ ಹೊತ್ತಿಗೆ ಬಸವಣ್ಣನ ಗುಡಿಯ ಕಟ್ಟೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹುಬ್ಬಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಕಾಕಾ ರಾಯರನ್ನು ತಮ್ಮ ಬಾಜೂಕ್ಕೇ ಕೂಡಿಸಿಕೊಂಡಿದ್ದರು. ಅದು ಉಪಚಾರವೋ ಕಾವಲೋ ರಾಯರಿಗೆ ತಿಳಿದಿರಲಿಲ್ಲ. ಹೆಂಗಸರ ಗುಂಪಿನ ಮುಂದೆ ಶಿವಗಂಗವ್ವ, ಸೆರಗು ಬಿಗಿದು ನಿಂತಿದ್ದಳು. ಮಾಸ್ತರರು ಹೊಸ ಪ್ಯಾಂಟಿನಲ್ಲಿ, ಹಿಂದೆ ಒಂದು ಹಿಂಡು ಮಕ್ಕಳೊಂದಿಗೆ ಬಂದರು. ಹುಬ್ಬಳ್ಳಿಯ ಕಚೇರಿಯಲ್ಲಿ ಕಂಡಿದ್ದ ಛತ್ರಿ ಕಟ್ಟೆಯ ಮೇಲೆ ಕಂಡದ್ದೇ ತಡ, ಒಂದು ಹೆಜ್ಜೆ ಹಿಂದಿಟ್ಟರು. ಅವರ ಲೆಕ್ಕದಲ್ಲಿ ನೈಜೀರಿಯಾದ ಗುಟ್ಟು ಹೊರಬಿದ್ದಿತ್ತು.

"ಮಾಸ್ತರ, ಎಲ್ಲಾ ಗೊತ್ತಾತು," ಎಂದರು ಕಾಕಾ.

"ತಪ್ಪಾತ್ರಿ ಕಾಕಾರ. ನಾನ ಹೇಳಬೇಕಂತ ಮಾಡಿದ್ನಿ."

ಗುಂಪು ಹಾ ಎಂದಿತು. ಇಷ್ಟು ಬೇಗ ಒಪ್ಪುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ.

"ಯಾವಾಗಿಂದ ನಡದೈತಿ ಇದು?"

"ದೀಪಾವಳಿ ಮುಗದ ಮ್ಯಾಲಿಂದ್ರಿ."

"ಈ ವಯಸ್ಸಿನ್ಯಾಗ ಬೇಕಾಗಿತ್ತೇನು ನಿಮಗ?"

"ಇನ್ನಷ್ಟು ವಯಸ್ಸಾದ್ರ ಅವರು ತಗೋಳಂಗಿಲ್ಲಂತ್ರಿ."

"ಇಲ್ಲಿ ಏನ ಕಮ್ಮಿ ಆಗಿತ್ತಪಾ?"

"ಕಮ್ಮಿ ಅಂತಲ್ರಿ. ಒಂದ ಕಡೆ ಇದ್ದು ಇದ್ದು… ಹೊರಗ ಹೋಗಿ ಬಂದವರು ನೋಡಿ ನಗತಾರ."

"ಶಿವಾ ಶಿವಾ!" ಎಂದ ತಿರಕಪ್ಪ. ಮಧ್ಯಾಹ್ನ ತಾನೊಬ್ಬನೇ ಹೊಗಳಿದ್ದು ಅವನನ್ನು ಕೊರೆಯುತ್ತಿತ್ತು.

ಶಿವಗಂಗವ್ವ ಮುಂದೆ ಬಂದಳು. "ಎಲ್ಲಿಯಾಕಿ ಆಕಿ?"

"ಯಾರು?" ಎಂದರು ಮಾಸ್ತರರು.

"ಆಕೀನ! ಮನಿ ಕೊಟ್ಟು, ಮಂಚ ಕೊಟ್ಟು, ಅಡಗಿಯಾಕಿನ್ನೂ ಕೊಟ್ಟು ನಿಮ್ಮನ್ನ ಕರಸ್ಕೊಳ್ಳಾಕಿ! ಯಾ ಊರಾಕಿ? ಯಾರ ಮಗಳು?"

ಆಗ ಛತ್ರಿ ರಾಯರಿಗೆ ಬೆಳಕಾಯಿತು. ದಡಕ್ಕನೆ ಎದ್ದು ನಿಂತರು. ಛತ್ರಿ ಕಟ್ಟೆಯಿಂದ ಕೆಳಗೆ ಬಿತ್ತು.

"ಆಕಿ ಅಲ್ಲ ತಾಯೀ! ಅದು ಸರ್ಕಾರ! ನೈಜೀರಿಯಾ ಸರ್ಕಾರ! ನೌಕರಿ ಅದ ಅವ್ವಾ, ನೌಕರಿ! ಇಂಗ್ಲಿಷ್ ಕಲಸೋ ನೌಕರಿ!"

ಅಷ್ಟು ಜನ ಸೇರಿದ ಕಟ್ಟೆಯ ಮುಂದೆ ಎಮ್ಮೆಯೊಂದು ಮೆಲುಕು ಹಾಕುವುದು ಕೇಳಿಸಿತು.

"ಆ ಮುನ್ನೂರು ಮಂದಿ?" ಎಂದಳು ಮಲಿಕಾಬಿ, ಬಿಟ್ಟುಕೊಡದೆ.

"ಸಾಲಿ ಹುಡಿಗ್ಯಾರು!"

ನಮ್ಮೂರ ಜನ ಕೆಟ್ಟವರಲ್ಲ. ತಾವು ಮಾಡಿದ್ದು ಏನೆಂದು ತಿಳಿದ ಕೂಡಲೇ ಅದನ್ನು ತಿದ್ದಲು ಒಬ್ಬರ ಮೇಲೊಬ್ಬರು ಬಿದ್ದರು. ಕಾಕಾ ಗಂಟಲು ಸರಿಮಾಡಿಕೊಂಡು, "ರಾಯರ, ಅಮಾಸಿ ಹುಣ್ಣಿವಿ ಅಂದ್ನೆಲ್ಲ, ಅದು ಮಾಸ್ತರಲ್ರಿ. ಮಾಸ್ತರ ಎತ್ತು," ಎಂದರು. "ಮತ್ತ ಶಾಯಿ ಕುಡಿಯೋದು?" ಎಂದು ರಾಯರು ಕೇಳಿದರೆ, "ಅದೂ ಎತ್ತೇ," ಎಂದರು. ಮಾಸ್ತರರ ಮನೆಯಲ್ಲಿ ಎತ್ತೇ ಇರಲಿಲ್ಲ. ಒಬ್ಬ ಮಾಸ್ತರರು ಒಂದೇ ಕೈಯಲ್ಲಿ ಚಕ್ಕಡಿ ಎತ್ತಿದ್ದನ್ನು ಕಂಡೆನೆಂದ, ಇನ್ನೊಬ್ಬ ಅವರು ಹುಟ್ಟಿದಾಗಿನಿಂದ ಸೀನಿಲ್ಲವೆಂದ. ಎಲ್ಲ ಆಣೆ ಪ್ರಮಾಣಗಳ ನಡುವೆ ಮಾಸ್ತರರು ತಲೆ ತಗ್ಗಿಸಿ, ತಮ್ಮ ಹೊಸ ಪ್ಯಾಂಟಿನ ಮಡಿಕೆ ನೋಡುತ್ತ ನಿಂತಿದ್ದರು.

ರಾಯರು ಎರಡೂ ಕೈ ಎತ್ತಿದರು. "ಸಾಕ್ರಪಾ. ಮಧ್ಯಾಹ್ನ ನೀವು ಹೇಳಿದ್ದೂ ನಾ ನಂಬಂಗಿಲ್ಲ, ಈಗ ಹೇಳೋದೂ ನಂಬಂಗಿಲ್ಲ. ನನ್ನ ಕಿವಿಲೇ ನಾ ಕೇಳೋದೊಂದ ಉಳದದ. ಮಾಸ್ತರ್ರ, ನನ್ನ ಕೂಡ ಎರಡ ಮಾತು ಇಂಗ್ಲಿಷಿನ್ಯಾಗ ಆಡಿಬಿಡ್ರಿ. ಅಷ್ಟಾದ್ರ ಮುಗೀತು. ನಾಳೆ ಕಾಗದ ಮುಂದ ಕಳಸತೇನಿ."

ಗುಂಪಿಗೆ ಹೋದ ಜೀವ ಬಂತು. ಇದೊಂದು ದೊಡ್ಡ ಮಾತೇ! ಹುಲಿಗೆ ಹುಲ್ಲೆ ತೋರಿಸಿದ ಹಾಗಾಯಿತು. "ಆಡ್ರಿ ಮಾಸ್ತರ! ಬಿಡಬ್ಯಾಡ್ರಿ!" ಎಂದು ತಿರಕಪ್ಪ ಕುಸ್ತಿಯ ಕಣದಲ್ಲಿ ಕೂಗುವ ಹಾಗೆ ಕೂಗಿದ. ಮಲಿಕಾಬಿ ಮಾಸ್ತರರಿಗೆ ನೀರು ತಂದುಕೊಟ್ಟಳು. ಕಾಕಾ ಕಟ್ಟೆಯ ಮೇಲೆ ತಮ್ಮ ಜಾಗ ಬಿಟ್ಟುಕೊಟ್ಟು ಮಾಸ್ತರರನ್ನು ಹತ್ತಿಸಿದರು.

ರಾಯರು ಇಂಗ್ಲಿಷಿನಲ್ಲಿ, ನಿಧಾನವಾಗಿ, ಮಕ್ಕಳಿಗೂ ತಿಳಿಯುವ ಹಾಗೆ ಒಂದು ಪ್ರಶ್ನೆ ಕೇಳಿದರು. ನೀವು ಮನೆ ಬಿಟ್ಟು ಅಷ್ಟು ದೂರ ಯಾಕೆ ಹೋಗಬೇಕೆಂದಿದ್ದೀರಿ?

ಮಾಸ್ತರರಿಗೆ ಪ್ರಶ್ನೆ ಅರ್ಥವಾಗಲಿಲ್ಲವೆಂದು ತಿಳಿಯಬೇಡಿ. ಪೂರ್ತಿ ಅರ್ಥವಾಯಿತು. ಅದು ಪ್ರಶ್ನಾರ್ಥಕ ವಾಕ್ಯವೆಂಬುದೂ, ಅದರ ಕರ್ತೃ ಯಾರೆಂಬುದೂ, ಕ್ರಿಯಾಪದ ಯಾವ ಕಾಲದ್ದೆಂಬುದೂ ಕಣ್ಣ ಮುಂದೆ ಕಪ್ಪು ಹಲಗೆಯ ಮೇಲೆ ಬರೆದಂತೆ ಕಂಡಿತು. ಅದನ್ನು ತಿರುವಿ ಹಾಕೆಂದರೆ ತಿರುವುತ್ತಿದ್ದರು, ಬಿಡಿಸೆಂದರೆ ಬಿಡಿಸುತ್ತಿದ್ದರು. ಅದಕ್ಕೆ ಉತ್ತರ ಹೇಳು ಎಂದು ಈ ಇಪ್ಪತ್ತು ವರ್ಷದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಬಾಯಿ ತೆರೆದರು. ಒಳಗಿನಿಂದ ಗಾಳಿ ಬಂತು, ಮಾತು ಬರಲಿಲ್ಲ. ಮುಚ್ಚಿದರು. ಮತ್ತೆ ತೆರೆದರು. ಊರೆಲ್ಲ ಅವರ ಬಾಯಿ ತೆರೆದಾಗ ತೆರೆದು, ಮುಚ್ಚಿದಾಗ ಮುಚ್ಚಿತು.

"ವಿಚಾರ ಮಾಡಾಕತ್ತಾರ," ಎಂದ ತಿರಕಪ್ಪ.

ಕಡೆಗೆ, ಮುಳುಗುವವನ ಕೈಗೆ ಹಗ್ಗ ಸಿಕ್ಕಂತೆ, ನಾಲಿಗೆಗೆ ತಾನಾಗಿ ತಿಳಿದಿದ್ದ ಒಂದೇ ಇಂಗ್ಲಿಷು ಹೊರಬಿತ್ತು.

"ರೆಸ್ಪೆಕ್ಟೆಡ್ ಸರ್," ಎಂದರು ಮಾಸ್ತರರು. "ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್…"

ಅದು ಎಂಟನೆಯ ತರಗತಿಯ ರಜಾ ಅರ್ಜಿ. ಜ್ವರ ಬಂದಿದೆ, ಶಾಲೆಗೆ ಬರಲಾರೆ, ಎರಡು ದಿನದ ರಜೆ ದಯಪಾಲಿಸಬೇಕು ಎಂಬ ಅರ್ಜಿ. ವರ್ಷಗಟ್ಟಲೆ, ದಿನಾ ಮುಂಜಾನೆ ಅವರು ಒಂದು ಸಾಲು ಹೇಳಿ, ಮಕ್ಕಳಿಂದ ಹೇಳಿಸಿ, ಅದನ್ನು ಊರಿನ ನೀರಿಗೇ ಬೆರೆಸಿಬಿಟ್ಟಿದ್ದರು. ಮಕ್ಕಳಿಗೆ ಮಾಸ್ತರರ ಬಾಯಿಂದ ಮೊದಲ ಸಾಲು ಬಿತ್ತೆಂದರೆ ಸುಮ್ಮನಿರುವ ರೂಢಿಯೇ ಇಲ್ಲ. ಗುಂಪಿನೊಳಗಿಂದ, ಗಿಡದ ಮೇಲಿಂದ, ಗುಡಿಯ ಮಾಳಿಗೆಯಿಂದ ಎಲ್ಲ ಒಟ್ಟಿಗೆ ರಾಗವೆತ್ತಿದವು: "ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್!"

ಮಾಸ್ತರರಿಗೆ ನಿಲ್ಲಿಸಬೇಕೆನಿಸಿತು. ಆದರೆ ಆ ಅರ್ಜಿ ಇಳಿಜಾರಿನ ಚಕ್ಕಡಿ, ಕೆಳಗೆ ಮುಟ್ಟುವವರೆಗೆ ನಿಲ್ಲುವುದಿಲ್ಲ. ಅವರು ಒಂದು ಸಾಲು, ಮಕ್ಕಳು ಒಂದು ಸಾಲು. ಎಂಟನೆಯ ತರಗತಿ ಓದಿ ಬಿಟ್ಟು ಎತ್ತು ಹೂಡುತ್ತಿದ್ದ ದೊಡ್ಡವರೂ ನಡುನಡುವೆ ಸೇರಿಕೊಂಡರು. ಮಧ್ಯಾಹ್ನದವರೆಗೆ ಗಟ್ಟಿಮುಟ್ಟಾಗಿದ್ದ ನಮ್ಮೂರಿಗೆ ಒಮ್ಮೆಲೇ ಜ್ವರ ಬಂದಿತ್ತು. "ಯುವರ್ಸ್ ಒಬೀಡಿಯಂಟ್ಲಿ!" ಎಂಬಲ್ಲಿಗೆ ಬರುವಾಗ ಗುಡಿಯ ಪಾರಿವಾಳಗಳು ಹಾರಿಹೋದವು.

ಚಪ್ಪಾಳೆ ಎಂದರೆ ಅದು ಚಪ್ಪಾಳೆ. ಕುಬೇರಪ್ಪ ಕಾಕಾ ಕಣ್ಣೊರೆಸಿಕೊಂಡರು.

"ಕೇಳಿದ್ರೇನ್ರಿ ರಾಯರ! ನೀವು ಒಂದ ಮಾತು ಕೇಳಿದ್ರಿ, ಊರಿಗೆ ಊರ ಉತ್ತರಾ ಕೊಟ್ಟಿತು!"

ರಾಯರು ಛತ್ರಿ ಎತ್ತಿಕೊಂಡು, ಅದರ ಧೂಳು ಕೊಡವಿದರು. ಅವರೂ ಹಿಂದೊಮ್ಮೆ ಮಾಸ್ತರರಾಗಿದ್ದವರಂತೆ. "ಭಾಳ ಚಲೋ ಆತು," ಎಂದರು ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಮಾಸ್ತರರ ಹತ್ತಿರ ಬಾಗಿ, ಅವರೊಬ್ಬರಿಗೇ ಕೇಳುವ ಹಾಗೆ, "ಮನಸ್ಸಿಗೆ ಹಚ್ಕೋಬ್ಯಾಡ್ರಿ. ಮಕ್ಕಳು ಮಾತ್ರ ನಿಮ್ಮನ್ನ ಭಾಳ ಹಚ್ಕೊಂಡಾವ," ಎಂದರು. ಬಸ್ಸು ಬಂತು. ಹತ್ತಿದರು, ಹೋದರು.

ಬೈದಿದ್ದರೆ ಸಹಿಸಬಹುದಿತ್ತು. ಆ ಮೆತ್ತನೆಯ ಮಾತು ಮಾಸ್ತರರ ಕಿವಿಯಿಂದ ಇಳಿದು ಪಾದದವರೆಗೆ ಸುಟ್ಟಿತು. ಕುಂಕುಮ ಹಚ್ಚಿ, ಹಾರ ಹಾಕಿ, ಮನೆಯವರೆಗೆ ಕಳಿಸಲು ಬಂದವರ ನಡುವೆ ಅವರು ಸಂತೆಯಿಂದ ಮಾರಾಟವಾಗದೆ ತಿರುಗಿ ಬಂದ ಹೋರಿಯ ಹಾಗೆ ನಡೆದರು.

ಮನೆಯೊಳಗೆ ನಡೆದದ್ದು ನಮಗೆ ತಿಳಿದದ್ದು ಮಲಿಕಾಬಿಯಿಂದ. ಗೋಡೆ ತೆಳ್ಳಗಿದ್ದದ್ದು ಅವಳ ತಪ್ಪಲ್ಲ.

"ಆ ರಾಯ ನಿಮಗ ಏನ ಕೇಳಿದ?" ಎಂದಳಂತೆ ಶಿವಗಂಗವ್ವ.

"ಮನಿ ಬಿಟ್ಟು ಅಷ್ಟ ದೂರ ಯಾಕ ಹೊಂಟೀರಿ ಅಂತ ಕೇಳಿದ್ರು."

"ನೀವೇನ ಹೇಳಿದ್ರಿ?"

"ಜ್ವರ ಬಂದೈತಿ, ರಜಾ ಕೊಡ್ರಿ ಅಂದ್ನಿ."

ಆಕೆ ನಗು ತಡೆದಳೋ, ಅಳು ತಡೆದಳೋ, ಗೋಡೆಯ ಆಚೆಯಿಂದ ತಿಳಿಯಲಿಲ್ಲ.

"ಈಗ ನಾ ಕೇಳತೀನಿ. ಕನ್ನಡದಾಗ. ನನಗ ಹೇಳಲಾರದ ಯಾಕ ಹೊಂಟಿದ್ರಿ?"

ಅದೇ ಪ್ರಶ್ನೆ. ಈ ಸಲ ಹುಟ್ಟಿದ ಭಾಷೆಯಲ್ಲಿ.

"ಊರಾಗ ಸುದ್ದಿ ಆಗತೈತಿ ಅಂತ…"

"ನಾ ಊರೇನು?"

ಮಾಸ್ತರರು ಕೆಮ್ಮಿದ್ದಷ್ಟೇ ಕೇಳಿಸಿತಂತೆ.

"ಸವತಿ ಅಂದಾಗ ಚಲೋ ಇತ್ತು ನೋಡ್ರಿ," ಎಂದಳು ಶಿವಗಂಗವ್ವ. "ಕೂದಲಾ ಹಿಡದು ಜಗಳಾ ಆಡಬಹುದಿತ್ತು. ಆಕಿ ಸುಳ್ಳಾದಳು. ನನ್ನ ಇಲ್ಲೇ ಬಿಡೋದೊಂದ ಖರೇ ಉಳೀತು. ಅದರ ಕೂಡ ಹೆಂಗ ಜಗಳಾ ಆಡಲಿ? ಏಳ್ರಿ, ಉಣ್ಣ ಬರ್ರಿ. ನಾಳೆ ಮುಂಜಾನೆ ಊರಿಗೆ ಖರೇ ಹೇಳಿ ಬರ್ರಿ. ಇಂಗ್ಲಿಷಿನ್ಯಾಗ ಬ್ಯಾಡ, ತಿಳಿಯೋ ಹಂಗ ಹೇಳ್ರಿ."

ಮರುದಿನ ಬೆಳಿಗ್ಗೆ ಮಾಸ್ತರರು ಧೋತರ ಉಟ್ಟು, ಮೀಸೆಯ ಬಣ್ಣ ತಿಕ್ಕಿ ತೊಳೆದು, ತಿರಕಪ್ಪನ ಹೋಟೆಲಿಗೆ ಬಂದರು. ಕಾಕಾ ಅಲ್ಲೇ ಇದ್ದರು. ಸತ್ಕಾರಕ್ಕೆ ಪಟ್ಟಿ ಎತ್ತುವ ಮಾತು ನಡೆದಿತ್ತು.

"ಕಾಕಾರ, ಸತ್ಕಾರ ಬ್ಯಾಡ. ನಾ ಹೋಗಂಗಿಲ್ಲ," ಎಂದರು ಮಾಸ್ತರರು ನಿಂತೇ.

"ಯಾಕಪಾ?"

"ನನಗ ಇಂಗ್ಲಿಷ್ ಮಾತಾಡಾಕ ಬರಂಗಿಲ್ಲ."

ಹೋಟೆಲಿನಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು.

"ಕೇಳ್ರಿ ಇವರ ಮಾತ!" ಎಂದ ತಿರಕಪ್ಪ. "ನಿನ್ನಿ ಊರೆಲ್ಲಾ ಕಿವೀಲೇ ಕೇಳೈತಿ!"

"ಖರೇನ ಹೇಳಾಕತ್ತೀನಿ ತಿರಕಪ್ಪಾ. ಅದು ರಜಾ ಅರ್ಜಿ. ಮಕ್ಕಳ್ನ ಕೇಳು ಬೇಕಾದ್ರ."

"ಮಕ್ಕಳನ್ನೂ ಕೇಳಿದಿವ್ರಿ. ಅವೂ ನಿಮ್ಮಂಗ ಪಟಪಟ ಅಂದವು."

ಕಾಕಾ ಗಾಂಭೀರ್ಯದಿಂದ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ನನಗ ತಿಳೀತು ಬಿಡ್ರಿ. ಶಿವಗಂಗವ್ವ ನಿನ್ನಿ ಮಂದ್ಯಾಗ ನಿಂತದ್ದ ಕಂಡು ಮಾಸ್ತರ ಕರಳ ಕಿತ್ತು ಬಂದೈತಿ. ಹೆಂಡತಿ ಸಲವಾಗಿ, ಊರ ಸಲವಾಗಿ ಪರದೇಶ ಬಿಟ್ಟಾರ. ಅದನ್ನ ಬಾಯಿ ಬಿಟ್ಟ ಹೇಳಾಕ ನಾಚಿ, ಇಂಗ್ಲಿಷ್ ಬರಂಗಿಲ್ಲ ಅನ್ನಾಕತ್ತಾರ. ದೊಡ್ಡ ಮನಷ್ಯಾರು ಹಿಂಗ ಇರತಾರ."

"ಅಲ್ರಿ ಕಾಕಾರ, ನಾ—"

"ಏ ತಿರಕಪ್ಪಾ, ಮಾಸ್ತರಿಗೆ ಸಕ್ರಿ ಜಾಸ್ತಿ ಹಾಕಿ ಒಂದ ಚಹಾ ಕೊಡಲೇ!"

ಚಹಾ ಪಾಕದಷ್ಟು ಸಿಹಿಯಾಗಿತ್ತು. ಮಾಸ್ತರರು ಕುಡಿದರು. ಕಪ್ಪು ಇಟ್ಟು ಶಾಲೆಗೆ ಹೋದರು.

ಎಂಟನೆಯ ತರಗತಿಯ ಮಕ್ಕಳು ಎಂದಿಗಿಂತ ನೆಟ್ಟಗೆ ಎದ್ದು ನಿಂತು, ಗೋಡೆ ನಡುಗುವ ಹಾಗೆ "ಗುಡ್ ಮಾರ್ನಿಂಗ್ ಸರ್" ಎಂದವು. ಪ್ರತಿದಿನ ಇದಕ್ಕೆ 'ಸಿಟ್ ಡೌನ್' ಎಂಬ ಅಪ್ಪಣೆಯಾಗಬೇಕು. ಮಾಸ್ತರರು ಬಾಯಿ ತೆರೆದರು. ಆ ಎರಡು ಶಬ್ದ ಈ ಸಲ ಬರಲಿಲ್ಲ. "ಕೂಡ್ರಿ," ಎಂದರು, ಮೆಲ್ಲಗೆ. ಇಂಗ್ಲಿಷ್ ತಾಸಿನಲ್ಲಿ ಆ ಮಾತಿಗೆ ಕೂಡುವ ರೂಢಿ ಮಕ್ಕಳಿಗಿರಲಿಲ್ಲ. ಒಂದರ ಮುಖ ಒಂದು ನೋಡಿದವು, ನಿಂತೇ ಇದ್ದವು. ಮಾಸ್ತರರು ಕುರ್ಚಿ ಎಳೆದುಕೊಂಡು ತಾವೇ ಕುಳಿತರು. ಅದನ್ನು ಕಂಡು ಮುಂದಿನ ಸಾಲಿನವು ಕುಳಿತವು, ಅವನ್ನು ಕಂಡು ಹಿಂದಿನವು.